ಎಲೆಯ ಒಳಮಗ್ಗುಲು

ಬಾಗಿಲ ಬಲಕ್ಕೆ ನಮ್ಮದೊಂದು ಲಾಜಿಯಾ ಪೊದೆ.
ಯಾರೂ ನೆಟ್ಟದ್ದಲ್ಲ. ಮನೆ ಕಟ್ಟುವಾಗ
ಕಲ್ಲುಕುಟಿಗ ಕಡಿಯಲು ಸೋಮಾರಿತನ ಮಾಡಿದ್ದಕ್ಕೆ
ಉಳಿದುಕೊಂಡದ್ದು, ಅಷ್ಟೆ.
ಈ ದ್ವೀಪ ಬಿಟ್ಟರೆ ಇನ್ನೆಲ್ಲೂ ತಾನಾಗಿ ಹುಟ್ಟದ ಗಿಡವಂತೆ;
ಆಗ ನಮಗದು ಗೊತ್ತಿರಲಿಲ್ಲ.
ಅವ್ವನಿಗೆ ಅದು ಬಟ್ಟೆ ಒಣಹಾಕುವ ಜಾಗ.

ತ್ರೂದೋಸ್ ಬೆಟ್ಟಕ್ಕೆ ಹಿಮ ಬಿದ್ದು
ಸೇಬಿನ ಮರಗಳೆಲ್ಲ ಬರಿಕಡ್ಡಿಯಾಗಿ ನಿಂತಾಗಲೂ
ಇದು ಮಾತ್ರ ಇದ್ದಬದ್ದದ್ದನ್ನೆಲ್ಲ ಮೈಮೇಲೇ ಇಟ್ಟುಕೊಂಡು
ಒಂದೆಲೆ ಬಿಡದ ಜಿಪುಣ.

ಸಂಜೆ ಅಪ್ಪ ಗಣಿಯಿಂದ ಬರುವನು, ಬೆಳ್ಳಗೆ.
ಹುಬ್ಬು, ಕಿವಿಯ ಸುರುಳಿ, ಬೂಟಿನ ದಾರ.
ಹಿಟ್ಟಿನ ಗಿರಣಿಯವನೆಂದೇ ತಿಳಿದಿದ್ದೆ.
ಹಿಟ್ಟು ಮನೆಗೇಕೆ ತರುವುದಿಲ್ಲವೆಂದು
ಒಮ್ಮೆ ಜಗಳವನ್ನೂ ಆಡಿದ್ದೆ.

ಹತ್ತಿಗಲ್ಲು ಎನ್ನುತ್ತಿದ್ದರು ಹಿರಿಯರು.
ಒಡೆದರೆ ನಡುವೆ ಎಳೆ ಎಳೆ ನಾರು.
ಉಗುರಲ್ಲಿ ಕಿತ್ತು ತೋರಿಸುವನು:
"ನೋಡು ದೆಸ್ಪುಲ್ಲಾ, ಬೆಂಕಿಗೂ ಇದು ಬಗ್ಗುವುದಿಲ್ಲ."
ನಾನದನ್ನು ಬೊಂಬೆಗೆ ಕೂದಲು ಮಾಡಿದೆ.
ಮುದುಕಿ ಬೊಂಬೆ. ಪಕ್ಕದಲ್ಲೇ ಮಲಗಿಸಿಕೊಳ್ಳುತ್ತಿದ್ದೆ.

ಅವ್ವ ಅವನ ಅಂಗಿ ಬಿಚ್ಚಿಸಿ
ಆ ಪೊದೆಗೇ ಬಡಿಬಡಿದು ಕೊಡವುವಳು,
ಕೆಮ್ಮುವಳು, ನಗುವಳು, ಮತ್ತೆ ಬಡಿಯುವಳು.
ಸುಣ್ಣ ಬಳಿದಂತಾಯಿತು ಗಿಡ.
ಸತ್ತೇ ಹೋಯಿತೆಂದು ನಾನೊಂದು ದಿನ ಅತ್ತಿರಬೇಕು,
ಅಪ್ಪ ಕುಕ್ಕರುಗಾಲಲ್ಲಿ ಕೂತು
ಒಂದೆಲೆಯನ್ನು ಬೆರಳಿಂದ ಮಗುಚಿದ.
ಒಳಮಗ್ಗುಲಲ್ಲಿ ಚಿನ್ನ.
ಮುಟ್ಟಿದರೆ ಮೃದು, ಕರುವಿನ ಕಿವಿಯೊಳಗಿನ ಹಾಗೆ.
"ದೂಳು ಮೇಲೆಯೇ ಕೂರುತ್ತದೆ ಮಗಳೇ,
ಒಳಗಿನದಕ್ಕೆ ಅದರ ಕೈ ಎಟುಕದು."

ನಂಬಿದೆ.
ಅವನೂ ನಂಬಿದ್ದ, ಈಗ ಹೊಟ್ಟೆ ಉರಿಸುವುದು ಅದೇ.

ಮೊದಲು ಹೋದದ್ದು ಅವ್ವ,
ಗಣಿಯ ಗೇಟನ್ನು ಒಮ್ಮೆಯೂ ದಾಟದವಳು.
ನಿಕೋಸಿಯಾದ ಆಸ್ಪತ್ರೆಯಲ್ಲಿ ಡಾಕ್ಟರು
ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದರು.
ಎಲೆಯ ಹಾಗೇ ಇತ್ತು: ನಡುವೆ ದಂಟು, ಎಡಬಲಕ್ಕೆ ಅಗಲ,
ಒಳಮಗ್ಗುಲು ಬಿಳಿ.
ಬೆಳ್ಳಗಿರುವುದೆಲ್ಲ ಹಾಲಲ್ಲ, ಸರಿ.
ಹೇಳುವವರು ಹೊತ್ತಿಗೆ ಬಂದು ಹೇಳಬೇಕಿತ್ತು.

ಅಪ್ಪ ಇನ್ನೂ ಒಂಬತ್ತು ವರ್ಷ ಉಳಿದ.
ಗಣಿ ಮುಚ್ಚಿದ ದಿನ ಕಂಪನಿಯವರು ಗೋಡೆ ಗಡಿಯಾರ ಕೊಟ್ಟಿದ್ದರು,
'ಲೊಯಿಜೋಸ್‌ಗೆ, ಇಪ್ಪತ್ತೆಂಟು ವರ್ಷದ ಸೇವೆಗಾಗಿ.'
ಅದು ಚೆನ್ನಾಗಿಯೇ ನಡೆಯುತ್ತಿದೆ.

ಈಗ ನಾನು ಅರಣ್ಯ ಇಲಾಖೆಯ ದಿನಗೂಲಿ.
ಅದೇ ಗುಡ್ಡ. ಅಗೆದಗೆದು ಮೆಟ್ಟಿಲು ಮೆಟ್ಟಿಲಾದ ಬೂದಿ ಇಳಿಜಾರಿಗೆ
ಲಾರಿಯಲ್ಲಿ ತಂದ ಮಣ್ಣು ಹೊದಿಸಿ
ಕುಳಿ ತೋಡಿ ಸಸಿ ಇಡುವುದು.
ಮೂಗಿಗೆ ಮಾಸ್ಕು. ಅಪ್ಪನಿಗೆ ಯಾರೂ ಕೊಡದಿದ್ದದ್ದು.
ಮೇಸ್ತ್ರಿ ಹ್ರಿಸಾಂಥೋಸ್ ಲೆಕ್ಕದ ಮನುಷ್ಯ:
ಪೈನ್ ಇಷ್ಟು, ಲಾಜಿಯಾ ಇಷ್ಟು.
"ಇದು ಬಲು ನಿಧಾನ ಕಣಮ್ಮಾ,
ನಮ್ಮ ಕಾಲಕ್ಕೆ ಮಂಡಿಯುದ್ದ ಬಂದರೆ ಹೆಚ್ಚು."
ಆಗಲಿ. ಆ ನಾರೂ ನಿಧಾನವೇ,
ಇಪ್ಪತ್ತು ವರ್ಷ ಎದೆಯಲ್ಲಿ ಸದ್ದಿಲ್ಲದೆ ಕೂತಿತ್ತಲ್ಲ.

ನಮ್ಮ ಬಾಗಿಲ ಪೊದೆಯ ಕಾಯಿಗಳನ್ನು
ಏಪ್ರನ್ ಜೇಬಲ್ಲಿ ತರುತ್ತೇನೆ, ಲೆಕ್ಕದ ಹೊರಗೆ.
ಕಿರುಬೆರಳಿನಷ್ಟು ಸಪೂರ, ತಲೆಗೆ ಒರಟು ಟೊಪ್ಪಿ.
ಕೆಲವನ್ನು ಇಲಿ ತಿಂದವು. ಒಂದನ್ನು ಜೇ ಹಕ್ಕಿ
ಕಣ್ಣೆದುರೇ ಕದ್ದು ಮೇಲಿನ ಕಲ್ಲುರಾಶಿಗೆ ಹಾರಿ
ಎಲ್ಲೋ ಹುಗಿದು ಮರೆಯಿತು.
ಬಾಯಿಗೆ ಬಂದಂತೆ ಬೈದೆ.

ಮೂರನೆಯ ವರ್ಷ, ಅಲ್ಲಿ, ಮಣ್ಣೇ ಹಾಕದ ಕಡೆ
ಬಂಡೆಯ ಬಿರುಕಲ್ಲಿ ನಾಲ್ಕು ಎಲೆ.

ಹತ್ತಿಹೋದೆ. ಹ್ರಿಸಾಂಥೋಸ್ ಕೆಳಗಿಂದ ಕೂಗುತ್ತಿದ್ದ.
ಎಲೆಯ ಮೇಲೆ ದೂಳಿತ್ತು, ಅದೇ ದೂಳು.
ಮಗುಚಿ ನೋಡಲು ಬೆರಳು ಚಾಚಿದವಳು
ಹಿಂದೆಗೆದೆ. ಕೈಗವಸು ತೆಗೆಯಬಾರದೆಂದು ನಿಯಮ;
ಕೈಗವಸಿಗೆ ಕರುವಿನ ಕಿವಿ ತಿಳಿಯುವುದಿಲ್ಲ.
ಇರಲಿ, ಗಾಳಿ ಬೀಸಿದಾಗ ತಾನೇ ತೋರಿಸೀತು.

ಬೀಸಲಿಲ್ಲ.
ಊಟದ ಗಂಟೆ ಹೊಡೆಯಿತು. ಇಳಿದುಬಂದು
ಕೈ ತೊಳೆದೆ, ಎರಡು ಸಲ.